ಬೀಟೆ ಕವಲಿಗೆ ಒರಗಿದ ಸಿಲ್ವರ್ ಓಕ್: ಒಂದು ಪ್ರಕರಣ ಅಧ್ಯಯನ

ಮಲೆನಾಡಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕಡಿಯುವುದು ತೀರಾ ಮಾಮೂಲಿ ಕೆಲಸ. ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ಬಂದ ಮರ ಇದು. ನೆಟ್ಟಗೆ ಏಳುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆ ಆಗುತ್ತದೆ, ದುಡ್ಡಿನ ಅಡಚಣೆ ಬಂದಾಗ ಮಾರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ, ಕಡಿಯಲು ಅನುಮತಿ ಬೇಡ ಎಂದು ಬಿಟ್ಟಿರುವ ಜಾತಿಗಳಲ್ಲಿ ಇದೂ ಸೇರಿದೆ. ಹಾಗಾಗಿ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಎಲ್ಲ ಕಡೆ ಮರ ಕೊಯ್ಯುವ ಮಿಷನ್ ಸದ್ದು ಶುರು.

ಇಲ್ಲಿ ಹೇಳುತ್ತಿರುವುದು ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಫೆಬ್ರವರಿಯಲ್ಲಿ, ಕಡಿದ ಮರವೊಂದು ನೆಲಕ್ಕೆ ಬೀಳದೆ ಇನ್ನೊಂದು ಮರಕ್ಕೆ ಸಿಕ್ಕಿಕೊಂಡಾಗ ನಡೆದದ್ದು. ತೋಟದ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಯಾರಿಗೂ ಏನೂ ಆಗಲಿಲ್ಲ. ಬರೆಯಲು ಅದೇ ಕಾರಣ. ಸಾವಾದರೆ ಪೇಪರಿನಲ್ಲಿ 'ಮರ ಬಿದ್ದು ಕಾರ್ಮಿಕ ಸಾವು' ಅಂತ ನಾಲ್ಕು ಸಾಲು ಬರುತ್ತದೆ. ಮರ ಹೇಗೆ ನಿಂತಿತ್ತು, ಯಾರು ಎಲ್ಲಿ ಕೊಯ್ದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಪೊಲೀಸರು, ಪರಿಹಾರ ಅಂತ ಬಂದಮೇಲೆ ಕಂಡವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಏನೂ ಆಗದ ಪ್ರಕರಣದಲ್ಲಾದರೆ ಎಲ್ಲರೂ ಬಿಚ್ಚಿ ಹೇಳುತ್ತಾರೆ, ಅಲ್ವಾ?

ನನ್ನ ಹತ್ತಿರ ಒಂದು ಕೈ ವಿಂಚ್ ಇದೆ. ಟರ್ಫರ್ ಅನ್ನುತ್ತಾರಲ್ಲ, ಅದು. 1.6 ಟನ್ ಎಳೆಯುವಂಥದ್ದು. ಎಲ್ಲಾದರೂ ಮರ ಸಿಕ್ಕಿಕೊಂಡರೆ ಅಕ್ಕಪಕ್ಕದವರು ಫೋನ್ ಮಾಡುವುದು ಅದಕ್ಕೇ. ಆವತ್ತೂ ಹಾಗೇ ಬಂತು.

ಮರ ಹೇಗೆ ನಿಂತಿತ್ತು

ಸುತ್ತಳತೆ ನಾಲ್ಕೂವರೆ ಅಡಿ. ಅಂದರೆ ಅಡ್ಡಳತೆ ಸುಮಾರು 17 ಅಂಗುಲ. ಎತ್ತರ 60 ಅಡಿ. ಹಸಿ ಮರ, ತೂಕ ಒಂದು ಟನ್ನಿಗಿಂತ ಜಾಸ್ತಿ. ಇಳಿಜಾರಿಗೆ ಅಡ್ಡಲಾಗಿ, ತೋಟದೊಳಗಿನ ಜೀಪ್ ರಸ್ತೆಯ ಉದ್ದಕ್ಕೆ ಬೀಳಿಸಬೇಕು ಅಂತ ಹೊರಟಿದ್ದರು. ರಸ್ತೆಗೆ ಬಿದ್ದರೆ ರೋಬಸ್ಟಾ ಕಾಫಿ ಗಿಡ ಉಳಿಯುತ್ತದೆ, ಪಿಕಪ್ ಪಕ್ಕಕ್ಕೇ ಬರುತ್ತದೆ. ಆದರೆ ಮರ ಬಾಗುವಾಗ ಸ್ವಲ್ಪ ಎಡಕ್ಕೆ ತಿರುಗಿತು. ಬುಡದಿಂದ 20 ಅಡಿ ದೂರದಲ್ಲಿ ಹಳೆಯ ಬೀಟೆ ಮರ. ಅದರ 35 ಅಡಿ ಎತ್ತರದ ಕವಲಿನಲ್ಲಿ ಹೋಗಿ ಕೂತುಬಿಟ್ಟಿತು.

ನಾನು ಹೋದಾಗ ಮರ ನೆಲಕ್ಕೆ ಸುಮಾರು 60 ಡಿಗ್ರಿಯಲ್ಲಿ ಒರಗಿತ್ತು. ಬುಡ ಇನ್ನೂ ನೆಲದ ಬೊಡ್ಡೆಯ ಮೇಲೇ ಇತ್ತು. ಕೊಯ್ಯದೆ ಉಳಿಸಿದ್ದ ನಡುಪಟ್ಟಿ, ಅಂದರೆ ಮರ ಬಾಗುವಾಗ ಬಾಗಿಲ ಕೀಲಿನಂತೆ ಕೆಲಸ ಮಾಡುವ ಭಾಗ, ಹರಿದಿರಲಿಲ್ಲ. ಹೀಗಾಗಿ ಮರಕ್ಕೆ ಎರಡು ಹಿಡಿತ. ಕೆಳಗೆ ಕೀಲು, ಮೇಲೆ ಕವಲು. ಮೇಲಿನ ಹಿಡಿತ ಎಷ್ಟು ಗಟ್ಟಿ ಅನ್ನುವುದು ಕೆಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಡು ನಿಮಿಷ ನಿಲ್ಲಬಹುದು, ಮುಂಗಾರಿನ ಗಾಳಿ ಬರುವ ತನಕವೂ ನಿಲ್ಲಬಹುದು.

ನನ್ನನ್ನು ಹೆದರಿಸಿದ್ದು ಮರವಲ್ಲ, ಅದರ ಕೆಳಗಿನ ಜನ. ಮಿಷನ್‌ನವನು, ಅವನ ಜೊತೆಗಾರ, ತೋಟದ ಲೆಕ್ಕ ಬರೆಯುವ ರೈಟರ್, ಮರ ಕೊಂಡವರ ಕಡೆಯ ಹುಡುಗ. ನಾಲ್ವರೂ ಒರಗಿದ ಮರದ ಅಡಿಯಲ್ಲೇ ನಿಂತು ಮೇಲೆ ನೋಡುತ್ತಿದ್ದರು. ಎರಡು ಸಾಲು ಆಚೆ ಹೆಂಗಸರು ರೋಬಸ್ಟಾ ಕುಯ್ಯುತ್ತಿದ್ದರು. ಮೊದಲು ಎಲ್ಲರನ್ನೂ ಆಚೆ ಕಳಿಸಿ ಅಂತ ತೋಟದ ಸಾಹುಕಾರರಿಗೆ ಹೇಳಿದೆ. ಅವರು ಕಳಿಸಿದರು. ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿ ಕೆಂಪು ಬಟ್ಟೆ ಹಾಕಿದೆವು.

ಎಷ್ಟು ದೂರ ಅನ್ನುವುದಕ್ಕೆ ಒಂದು ಅಳತೆ ಇದೆ. ಅಮೆರಿಕದಲ್ಲಿ ಮರ ಕಡಿಯುವ ಕೆಲಸಕ್ಕೆ ಓಶಾದವರ, ಅಂದರೆ ಕೆಲಸಗಾರರ ಸುರಕ್ಷತೆ ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆಯವರ, 1910.266 ಎಂಬ ನಿಯಮ ಇದೆ. ಸಿಕ್ಕಿಕೊಂಡ ಮರವನ್ನು ಮೊದಲು ಇಳಿಸಬೇಕು, ಆ ಜಾಗದಲ್ಲಿ ಬೇರೆ ಕೆಲಸ ಆಮೇಲೆ. ಇಳಿಸಲು ಆಗದಿದ್ದರೆ ಗುರುತು ಹಾಕಬೇಕು, ಮರದ ಎರಡು ಉದ್ದದಷ್ಟು ಜಾಗದೊಳಗೆ ಕೆಲಸ ನಡೆಯಬಾರದು. ಅದಕ್ಕಿಂತ ಕಡಿಮೆ ದೂರದಲ್ಲಿ ಅಪಾಯ ಇಲ್ಲ ಅಂತ ಕೆಲಸ ಕೊಟ್ಟವನು ತೋರಿಸಿಕೊಟ್ಟರೆ ಮಾತ್ರ ವಿನಾಯಿತಿ. ನಮ್ಮ ಮರಕ್ಕೆ ಅದು 120 ಅಡಿ. ತೋಟದಲ್ಲಿ 120 ಅಡಿ ಅಂದರೆ ಹತ್ತು ಹನ್ನೆರಡು ಸಾಲು ಗಿಡ. 'ಅಷ್ಟು ದೂರ ಯಾಕೆ ಸಾರ್' ಅಂತ ರೈಟರ್ ಕೇಳಿದರು. ಮರ ಬಿದ್ದಾಗ ಮರ ಮಾತ್ರ ಬೀಳುವುದಿಲ್ಲ, ಆಸರೆ ಮರದ ಕೊಂಬೆ ಮುರಿದು ಎತ್ತಲೋ ಹಾರುತ್ತದೆ, ಅದಕ್ಕೆ ಅಂದೆ.

ಅಲ್ಲಿ ಬಂದ ಸಲಹೆಗಳು

ಸಿಕ್ಕಿಕೊಂಡ ಮರದ ಬಗ್ಗೆ ಬ್ರಿಟನ್ನಿನ ಅರಣ್ಯ ಸುರಕ್ಷತೆಯ ಮಾರ್ಗಸೂಚಿಗಳಲ್ಲಿ 'ಇದನ್ನು ಮಾಡಲೇಬೇಡಿ' ಎಂಬ ಪಟ್ಟಿ ಇದೆ. ಆಸರೆ ಮರ ಕಡಿಯಬೇಡಿ, ಇನ್ನೊಂದು ಮರ ಅದರ ಮೇಲೆ ಬೀಳಿಸಬೇಡಿ, ಹತ್ತಬೇಡಿ, ಬುಡದಿಂದ ತುಂಡು ಹಾಕಬೇಡಿ, ಅಡಿಯಲ್ಲಿ ಕೆಲಸ ಮಾಡಬೇಡಿ. ಆ ಬೆಳಿಗ್ಗೆ ಇವೆಲ್ಲವೂ ಒಂದೊಂದಾಗಿ ಸಲಹೆಯಾಗಿಯೇ ಬಂದವು. ಹೇಳಿದವರು ದಡ್ಡರಲ್ಲ. ವರ್ಷಗಟ್ಟಲೆ ಮರ ಕಡಿದವರು. ಪ್ರತಿಯೊಂದು ಉಪಾಯವೂ ಹಿಂದೆ ಎಲ್ಲೋ ಒಮ್ಮೆ ಕೆಲಸ ಮಾಡಿದೆ. ಕೆಲಸ ಮಾಡದ ಸಲ ಏನಾಯಿತು ಅಂತ ಹೇಳಬೇಕಾದವನು ಈಗ ಇಲ್ಲ, ಅಷ್ಟೇ.

ಬೀಟೆಯನ್ನೇ ತೆಗೆದುಬಿಟ್ಟರೆ ಎರಡೂ ಒಟ್ಟಿಗೆ ಬೀಳುತ್ತವೆ ಅಂತ ಮಿಷನ್‌ನವನು. ಸಾಹುಕಾರರು ಕೂಡಲೇ ಬೇಡ ಅಂದರು. ಕಾರಣ ಸುರಕ್ಷತೆ ಅಲ್ಲ. ಬೀಟೆ ಮುಟ್ಟಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. 'ಕೇಸ್ ಹಾಕಿಸ್ಕೊಂಡು ಯಾವ ಕೋರ್ಟಿಗೆ ಅಲೀಲಿ ಮಾರಾಯ' ಅಂದರು. ಒಳ್ಳೆಯದೇ ಆಯಿತು. ಆಸರೆ ಮರವನ್ನು ಕೊಯ್ಯುವವನು ಟನ್ನುಗಟ್ಟಲೆ ಭಾರ ಹೊತ್ತ ಕಂಬದ ಕೆಳಗೆ ಕೂತು ಆ ಕಂಬವನ್ನೇ ಕೊಯ್ಯುತ್ತಿರುತ್ತಾನೆ. ಯಾವ ಗಳಿಗೆಯಲ್ಲಿ, ಯಾವ ಕಡೆಗೆ ಅನ್ನುವುದು ಅವನ ಕೈಯಲ್ಲಿ ಇರುವುದಿಲ್ಲ. ಇಲ್ಲಿ ಅರಣ್ಯ ಕಾನೂನು ಕಾಯ್ದದ್ದು ಬೀಟೆಯನ್ನು ಮಾತ್ರ ಅಲ್ಲ.

ಪಕ್ಕದ ಇನ್ನೊಂದು ಸಿಲ್ವರ್ ಓಕನ್ನು ಇದರ ಮೇಲೆ ಕೆಡವಿದರೆ ಆ ಹೊಡೆತಕ್ಕೆ ಜಾರುತ್ತದೆ ಅನ್ನುವುದು ಎರಡನೆಯದು. ಜಾರದಿದ್ದರೆ ಎರಡು ಮರ ಒಟ್ಟಿಗೆ ನೇತಾಡುತ್ತವೆ. ಮೂರನೆಯದು, ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುವ ಹುಡುಗನನ್ನು ಬೀಟೆಗೆ ಹತ್ತಿಸಿ ಕವಲಿನ ಒಂದು ಕೊಂಬೆ ಕಡಿಸುವುದು. ಆ ಕೊಂಬೆಯ ಮೇಲೆ ಭಾರ ಕೂತು ಅದು ಬಿಲ್ಲಿನಂತೆ ಬಾಗಿದೆ. ಕತ್ತಿ ಬಿದ್ದ ಕೂಡಲೇ ಚಿಮ್ಮುತ್ತದೆ. ಹತ್ತಿದವನಿಗೆ ಓಡಲು ಮೇಲೆ ಜಾಗ ಎಲ್ಲಿದೆ?

ಇವನ್ನೆಲ್ಲ ಎರಡು ಮಾತಿನಲ್ಲಿ ತಳ್ಳಿಹಾಕಿದೆವು. ನಾಲ್ಕನೆಯದಕ್ಕೆ ಮಾತ್ರ ಗಟ್ಟಿ ವಾದವೇ ನಡೆಯಿತು. ನಮ್ಮ ಕಡೆ ಅತಿ ಹೆಚ್ಚು ನಡೆಯುವುದೂ ಅದೇ. ಬುಡದಿಂದ ಮೂರು ಮೂರು ಅಡಿ ತುಂಡು ಹಾಕುತ್ತಾ ಬರುವುದು. ತುಂಡು ಬಿದ್ದಂತೆ ಮರ ಕೆಳಗೆ ಇಳಿಯುತ್ತದೆ, ಕೊನೆಗೆ ತುದಿ ಕವಲಿನಿಂದ ಜಾರಿ ಬರುತ್ತದೆ ಅನ್ನುವ ಲೆಕ್ಕ.

ಆ ಲೆಕ್ಕವನ್ನು ಈ ಮರಕ್ಕೇ ಹಾಕಿ ನೋಡೋಣ. ಕವಲು 35 ಅಡಿ ಮೇಲಿದೆ. ಬುಡದಿಂದ ಕವಲಿನ ತನಕ ಮರದ ಉದ್ದ ಸುಮಾರು 40 ಅಡಿ. ಕವಲಿನಲ್ಲಿ ಮರ ಜಾರದೆ ಕಚ್ಚಿಕೊಂಡೇ ಇದ್ದರೆ, ಮೂರು ಅಡಿಯ ಎರಡು ತುಂಡು ತೆಗೆಯುವಷ್ಟರಲ್ಲಿ ಉಳಿಯುವುದು 34–35 ಅಡಿ. ಅಂದರೆ ಮರ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ಬೀಟೆಯ ಪಕ್ಕದಲ್ಲೇ, ಬೊಡ್ಡೆಯ ಹಿಡಿತ ಇಲ್ಲದೆ, ನೆಲಕ್ಕೆ ಸುಮ್ನೆ ಊರಿದ ಕಂಬದ ಹಾಗೆ. ಆ ಸ್ಥಿತಿಯಲ್ಲಿ ಅದು ಯಾವ ದಿಕ್ಕಿಗೂ ಬೀಳಬಹುದು. ಹಿಂದಕ್ಕೆ, ಮಿಷನ್ ಹಿಡಿದವನ ಮೇಲೂ.

ಪ್ರತಿ ತುಂಡಿಗೂ ಇನ್ನೊಂದು ತೊಂದರೆ ಇದೆ. ಎರಡು ತುದಿಯಲ್ಲಿ ಆಸರೆ ಇರುವ ಮರದಲ್ಲಿ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದ ಕೊಯ್ದರೆ ಬಾರ್, ಅಂದರೆ ಮಿಷನ್ನಿನ ಸರಪಳಿ ಓಡುವ ಉದ್ದನೆಯ ಪಟ್ಟಿ, ಸಿಕ್ಕಿಕೊಳ್ಳುತ್ತದೆ. ಕೆಳಗಿನಿಂದ ಕೊಯ್ದರೆ ಕೊಯ್ತ ಬಾಯಿ ತೆರೆದು ಬುಡ ಧಡ್ ಅಂತ ಬೀಳುತ್ತದೆ, ಒಂದು ಟನ್ ಮೇಲಿನಿಂದ ಪಾದದ ಹತ್ತಿರ ಇಳಿಯುತ್ತದೆ. ಅಷ್ಟು ಹೊತ್ತೂ ಮಿಷನ್‌ನವನ ಕಣ್ಣು ಕೊಯ್ತದ ಮೇಲೆ, ಕಿವಿಯಲ್ಲಿ ಇಂಜಿನ್ ಸದ್ದು. ಮೇಲೆ ಏನು ಅಲುಗಿತು ಅಂತ ಅವನಿಗೆ ಗೊತ್ತಾಗುವುದೇ ಇಲ್ಲ.

'ನಾನು ಎಷ್ಟೋ ಮರ ಹಂಗೇ ಇಳ್ಸಿದೀನಿ ಸಾರ್' ಅಂದ ಅವನು. ಸುಳ್ಳಲ್ಲ. ಸಣ್ಣ ಮರಗಳಲ್ಲಿ ಬಹಳ ಸಲ ನಡೆದುಹೋಗುತ್ತದೆ. ನಾನು ವಾದ ಬಿಟ್ಟು ಒಂದು ಕೋಲು ತಂದು ಬೀಟೆ ಬುಡಕ್ಕೆ ಒರಗಿಸಿ ತೋರಿಸಿದೆ. ಕೋಲಿನ ಕೆಳತುದಿ ಎರಡು ಸಲ ಮುರಿದಾಗ ಅದು ನೆಟ್ಟಗಾಗಿ ನನ್ನ ಕಡೆಗೇ ಬಿತ್ತು. ಅವನು ಏನೂ ಹೇಳಲಿಲ್ಲ, ಮಿಷನ್ ಆಫ್ ಮಾಡಿದ.

ಜೆಸಿಬಿ ತರಿಸುವ ಮಾತೂ ಬಂತು. ದೂರದಿಂದ ಎಳೆಯಲು ಅದು ಬೇಡ ಅನ್ನುವಂಥದ್ದಲ್ಲ. ಆದರೆ ಒಳಗೆ ಬರಬೇಕಾದರೆ ಎರಡು ಸಾಲು ರೋಬಸ್ಟಾ ಹೋಗುತ್ತದೆ. ಬಕೆಟ್‌ನಲ್ಲಿ ತಳ್ಳಿ ಬೀಳಿಸುವುದಾದರೆ ಡ್ರೈವರ್ ಕೂತ ಜಾಗ ಮರದ ಅಡಿಯಲ್ಲೇ ಬರುತ್ತದೆ. ಬಿಟ್ಟೆವು.

ಯಾಕೆ ಸಿಕ್ಕಿಕೊಂಡಿತು

ವಿಂಚ್ ಸಾಮಾನು ಬರುವ ತನಕ ಸಮಯ ಇತ್ತು. ಬುಡದ ಹತ್ತಿರ ಪಕ್ಕದಿಂದ ಹೋಗಿ ಕೊಯ್ತ ನೋಡಿದೆ. ಮರ ಯಾಕೆ ಎಡಕ್ಕೆ ತಿರುಗಿತು ಅನ್ನುವುದು ಅಲ್ಲಿ ಬರೆದಿಟ್ಟಂತಿತ್ತು.

ಬೀಳಬೇಕಾದ ಕಡೆಗೆ ಹಾಕುವ ಮೊದಲ ಕಚ್ಚು ಸರಿಯಾಗಿಯೇ ಇತ್ತು. ಅಡ್ಡಳತೆಯ ನಾಲ್ಕನೇ ಒಂದು ಭಾಗದಷ್ಟು ಆಳ, 45 ಡಿಗ್ರಿ ಬಾಯಿ. ತೊಂದರೆ ಹಿಂದಿನ ಕೊಯ್ತದಲ್ಲಿ. ಕೀಲಿನ ದಪ್ಪ ಮರದ ಅಡ್ಡಳತೆಯ ಹತ್ತನೇ ಒಂದು ಭಾಗ ಇರಬೇಕು, ಈ ಕೊನೆಯಿಂದ ಆ ಕೊನೆಗೆ ಒಂದೇ ಸಮ. ಈ ಮರಕ್ಕೆ ಅದು ಒಂದೂಮುಕ್ಕಾಲು ಅಂಗುಲ ಆಗಬೇಕಿತ್ತು. ಇಲ್ಲಿ ಬಲಗಡೆ ಮುಕ್ಕಾಲು ಅಂಗುಲ, ಎಡಗಡೆ ಎರಡೂವರೆ. ಕೀಲು ದಪ್ಪ ಇರುವ ಕಡೆಗೆ ಮರ ಎಳೆದುಕೊಳ್ಳುತ್ತದೆ. ತೆಳು ಕಡೆ ಮೊದಲು ಹರಿಯುತ್ತದೆ, ದಪ್ಪ ಕಡೆ ಹಿಡಿದುಕೊಂಡು ತನ್ನತ್ತ ತಿರುಗಿಸುತ್ತದೆ. ಎಡಗಡೆ ನಿಂತು ಕೊಯ್ಯಲು ಕಾಫಿ ಗಿಡ ಅಡ್ಡ ಇತ್ತು, ಹಾಗಾಗಿ ಅವನು ಒಂದೇ ಕಡೆಯಿಂದ ಕೊಯ್ದು ಮುಗಿಸಿದ್ದ. ಗಿಡದ ನಾಲ್ಕು ರೆಕ್ಕೆ, ಅಂದರೆ ಪಕ್ಕದ ಕೊಂಬೆ, ಕತ್ತರಿಸಿದ್ದರೆ ಜಾಗ ಆಗುತ್ತಿತ್ತು.

ಆದರೆ ಕೀಲಿನ ಮೇಲೇ ಪೂರ್ತಿ ಹೊರೆ ಹೊರಿಸುವುದು ನ್ಯಾಯ ಅಲ್ಲ. ಕೀಲು ನೇರ ಇದ್ದಿದ್ದರೂ ಈ ಮರ ಸಿಕ್ಕಿಕೊಳ್ಳುವ ಸಾಧ್ಯತೆ ಇತ್ತು ಅಂತ ನನಗೆ ಅನ್ನಿಸುತ್ತದೆ. ಬೀಟೆಗೂ ಆ ಕಡೆಯ ಹಲಸಿಗೂ ನಡುವೆ ಮೇಲೆ ಕಾಣುತ್ತಿದ್ದ ಆಕಾಶ 12 ಅಡಿ ಅಗಲ. ಸಿಲ್ವರ್ ಓಕಿನ ತಲೆ 15 ಅಡಿ ಅಗಲ. ಕೆಳಗೆ ರಸ್ತೆ ಅಗಲವಾಗಿದೆ ಅಂತ ದಿಕ್ಕು ಆರಿಸಿದ್ದರು. ಮರ ಬೀಳುವಾಗ ಹಾದುಹೋಗುವುದು ಮೇಲಿನ ಸಂದಿಯಲ್ಲಿ, ಅದನ್ನು ಯಾರೂ ಅಳೆದಿರಲಿಲ್ಲ. ಜೊತೆಗೆ ಮೆಣಸಿನ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿದ್ದರು, ಮೇಲೆ ಹಾಗೇ ಬಿಟ್ಟಿದ್ದರು. ಇನ್ನೊಂದು ಕಾಡುಬಳ್ಳಿ ಈ ಮರದಿಂದ ಬೀಟೆಗೆ ಹಬ್ಬಿತ್ತು. ಬಳ್ಳಿ ನೋಡಲು ದಾರದಂತೆ ಇರುತ್ತದೆ, ಮರವನ್ನು ಪಕ್ಕಕ್ಕೆ ಎಳೆಯುವಷ್ಟು ಗಟ್ಟಿ ಇರುತ್ತದೆ.

ವಿಚಿತ್ರ ಅಂದರೆ, ವರ್ಷಾ ವರ್ಷಾ ಮಳೆಗೆ ಮುಂಚೆ ಇದೇ ಮರಗಳಿಗೆ ಮರಗಸಿ ಮಾಡಿಸುತ್ತೇವೆ. ನೆರಳು ಹದ ಮಾಡಲು ಕೊಂಬೆ ತೆಗೆಸುತ್ತೇವೆ. ಕಡಿಯುವ ವರ್ಷ ಮಾತ್ರ 'ಹೆಂಗೂ ಬೀಳೋ ಮರ, ಯಾಕೆ ದಂಡ' ಅಂತ ಬಿಡುತ್ತೇವೆ. ತಲೆ ಬೋಳಿಸಿದ ಮರ ಆ ಸಂದಿಯಲ್ಲಿ ಸಲೀಸಾಗಿ ಹೋಗುತ್ತಿತ್ತು.

ಗುತ್ತಿಗೆ ಲೆಕ್ಕವೂ ಒಂದು ಕಾರಣ. ಮಿಷನ್‌ನವನಿಗೆ ಮರಕ್ಕೆ ಇಷ್ಟು ಅಂತ ದುಡ್ಡು. ನಿಂತು ಯೋಚಿಸಿದ ಹೊತ್ತಿಗೆ ದುಡ್ಡಿಲ್ಲ. ಮರ ಸಿಕ್ಕಿಕೊಂಡರೆ ಇಡೀ ದಿನ ಹಾಳು, ಅದೂ ಅವನದೇ. ಹೀಗಿದ್ದ ಮೇಲೆ ಅವನು ತುಂಡು ಹಾಕಲು ಹೊರಟಿದ್ದರಲ್ಲಿ ಆಶ್ಚರ್ಯ ಏನಿದೆ?

ಇಳಿಸಿದ ಬಗೆ

ಮೊದಲು ಉರುಳಿಸಿ ನೋಡಿದೆವು. ಸಣ್ಣ ಮರವಾದರೆ ಇದೇ ಸಾಕಾಗುತ್ತದೆ. ಕೀಲಿನ ಬಹುಪಾಲು ಕೊಯ್ದು ಒಂದು ಮೂಲೆಯಲ್ಲಿ ಚೂರು ಉಳಿಸುತ್ತಾರೆ. ಆ ಚೂರು ತಿರುಗುವ ಗೂಟದಂತೆ ಹಿಡಿದುಕೊಳ್ಳುತ್ತದೆ. ಬುಡಕ್ಕೆ ಬೆಲ್ಟ್ ಸುತ್ತಿ, ಸನ್ನೆಕೋಲು ಹಾಕಿ, ಮರ ನಮ್ಮಿಂದ ಆಚೆಗೆ ಉರುಳುವ ಹಾಗೆ ತಿರುಗಿಸಬೇಕು. ತಿರುಗಿದರೆ ಕವಲಿನಿಂದ ಪಕ್ಕಕ್ಕೆ ಕಳಚಿಕೊಳ್ಳುತ್ತದೆ. ಇಲ್ಲಿ ಕೀಲು ಮುಟ್ಟದೆ, ಬರೀ ಬೆಲ್ಟ್ ಹಾಕಿ ಅಲುಗಾಡಿಸಿ ಪರೀಕ್ಷಿಸಿದೆವು. ಮರ ಕದಲಲಿಲ್ಲ. ಕವಲಿನ ಎರಡೂ ಕೊಂಬೆ ಅಪ್ಪಿ ಹಿಡಿದಿದ್ದವು. ಒಂದು ಟನ್ ಮೀರಿದ ಮರದಲ್ಲಿ ಕೈಬಲದ ಆಟ ಮುಂದುವರಿಸುವುದು ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆವು.

ಉಳಿದದ್ದು ಬುಡವನ್ನು ಹಿಂದಕ್ಕೆ ಎಳೆಯುವುದು. ಒರಗಿದ ಮರದ ಬುಡ ತಾನಾಗಿ ಜಾರಲು ನೋಡುವುದೂ ಹಿಂದಕ್ಕೇ. ಎಷ್ಟು ಎಳೆಯಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅರ್ಧದಲ್ಲಿ ಹಗ್ಗ ಮುಗಿಯುತ್ತದೆ. 60 ಅಡಿಯ ಮರದ ತುದಿಯೇ 35 ಅಡಿ ಎತ್ತರದ ಕವಲಿಗೆ ಬರಬೇಕಾದರೆ ಬುಡ ಬೀಟೆಯಿಂದ 48 ಅಡಿಗಿಂತ ಜಾಸ್ತಿ ದೂರ ಹೋಗಬೇಕು. ಈಗ 20 ಇದೆ. ಅಂದರೆ 28–29 ಅಡಿ ಎಳೆಯಲು ಸಿದ್ಧ ಇರಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಉಪಯೋಗಕ್ಕೆ ಬರುವ ಜಾಗ ಇದು. ನಿಜಕ್ಕೂ ಅಷ್ಟು ಎಳೆಯಬೇಕಾಗಲಿಕ್ಕಿಲ್ಲ, ಸಿಲ್ವರ್ ಓಕಿನ ತುದಿ ಪೆಡಸು, ಮೊದಲೇ ಮುರಿಯುತ್ತದೆ ಅಂತ ಅಂದಾಜಿತ್ತು. ಆದರೆ ಅಂದಾಜನ್ನು ನಂಬಿ ಹಗ್ಗ ಕಡಿಮೆ ತರಬಾರದು.

ವಿಂಚ್ ಎಲ್ಲಿ ಇಡುವುದು ಅನ್ನುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮರದ ಹಿಂದೆ ನೇರ ಸಾಲಿನಲ್ಲಿ ಇಟ್ಟರೆ ಬುಡ ಎಳೆಯುವವನ ಕಡೆಗೇ ಬರುತ್ತದೆ, ಹಗ್ಗ ತುಂಡಾದರೂ ಅವನ ಕಡೆಗೇ ಹಾರುತ್ತದೆ. ಅದಕ್ಕೆ ಬೊಡ್ಡೆಯಿಂದ 80 ಅಡಿ ಹಿಂದೆ ಇದ್ದ ಒಂದು ಗಟ್ಟಿ ಮತ್ತಿ ಮರದ ಬುಡಕ್ಕೆ ಕಪ್ಪಿ ಕಟ್ಟಿದೆವು. ಹಗ್ಗ ಅಲ್ಲಿ ತಿರುಗಿ, ಇಳಿಜಾರಿನ ಮೇಲ್ಗಡೆ 90 ಅಡಿ ದೂರದಲ್ಲಿದ್ದ ವಿಂಚಿಗೆ ಹೋಯಿತು. ಎಳೆಯುವವನು ಹೀಗೆ ಮರದಿಂದ 120 ಅಡಿ ಆಚೆ, ಅದೂ ಮೇಲ್ಗಡೆ. ಕೆಳಗಡೆ ಯಾರೂ ಇಲ್ಲ, ಯಾಕೆಂದರೆ ಬಿದ್ದ ಮರ ಉರುಳುವುದು ಕೆಳಕ್ಕೇ. ವಿಂಚಿನ ಹಗ್ಗ 20 ಮೀಟರ್ ಮಾತ್ರ, ಹಾಗಾಗಿ ಮುಂದಕ್ಕೆ ಇನ್ನೊಂದು ವೈರ್ ರೋಪನ್ನು ಶಾಕಲ್ ಎಂಬ ಕಬ್ಬಿಣದ ಕೊಂಡಿ ಹಾಕಿ ಸೇರಿಸಿದೆವು.

ಕಪ್ಪಿಯ ವಿಷಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಹಗ್ಗ ಲಂಬಕೋನದಲ್ಲಿ ತಿರುಗಿದರೆ ಕಪ್ಪಿ ಕಟ್ಟಿದ ಮರದ ಮೇಲೆ ಬೀಳುವ ಎಳೆತ ಹಗ್ಗದ ಎಳೆತಕ್ಕಿಂತ ಸುಮಾರು 1.4 ಪಟ್ಟು. ಹಗ್ಗ ಪೂರ್ತಿ ಹಿಂದಕ್ಕೆ ಮಡಚಿ ಬಂದರೆ ಎರಡು ಪಟ್ಟು. 1.6 ಟನ್ ವಿಂಚಿಗೆ 1.6 ಟನ್ನಿನ ಕಪ್ಪಿ, ಬೆಲ್ಟ್ ಸಾಲದು. ರೈಟರ್ ಮೊದಲು ತೋರಿಸಿದ್ದು ಹತ್ತಿರದ ಹಾಲುವಾಣದ ಮರ. ಅದು ಗೂಟ ನೆಟ್ಟು ಬೆಳೆಸಿದ ಮೆತ್ತನೆಯ ಮರ. ಎಳೆದರೆ ಅದೇ ಕಿತ್ತು ಬರುತ್ತದೆ. ಕಟ್ಟುವುದು ಯಾವತ್ತೂ ಬೇರು ಬಿಟ್ಟ ಗಟ್ಟಿ ಮರಕ್ಕೆ, ಅದೂ ನೆಲಕ್ಕೆ ಆದಷ್ಟು ಹತ್ತಿರ. ಹಗ್ಗ ಕಪ್ಪಿಯಲ್ಲಿ ತಿರುಗುವ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದು. ಕಪ್ಪಿ ಕಳಚಿದರೆ ಹಗ್ಗ ಆ ಮೂಲೆಯನ್ನೇ ಗುಡಿಸಿಕೊಂಡು ಹೋಗುತ್ತದೆ. ಹಗ್ಗದ ಮೇಲೆ ಅಲ್ಲಲ್ಲಿ ಒದ್ದೆ ಗೋಣಿಚೀಲ ಹಾಕಿದೆವು, ತುಂಡಾದರೆ ಹಾರುವ ರಭಸ ತಗ್ಗಲಿ ಅಂತ.

ಬುಡಕ್ಕೆ ಬೆಲ್ಟನ್ನು ಸುಮ್ನೆ ಕಟ್ಟಲಿಲ್ಲ, ಸುತ್ತು ಹಾಕಿ ಕಟ್ಟಿದೆವು. ಎಳೆದಾಗ ಬುಡ ಹಿಂದೆ ಬರುವುದರ ಜೊತೆಗೆ ಸ್ವಲ್ಪ ತಿರುಗಲಿ, ಕವಲಿನ ಹಿಡಿತ ಸಡಿಲವಾಗಲಿ ಅಂತ. ಕಾಫಿ ತೋಟದ ನೆಲ ಮೆತ್ತಗೆ, ಬುಡ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಬೊಡ್ಡೆಯ ಹಿಂದೆ ಎರಡು ಕಂಬ ಜಾರುದಾರಿಯಂತೆ ಮಲಗಿಸಿದೆವು.

ಕೀಲು ಕೊಯ್ಯುವುದು ಕೊನೆಯ ಕೆಲಸ. ಮಿಷನ್ ಬೇಕಾದದ್ದು ಇಲ್ಲಿ ಮಾತ್ರ. ಮೊದಲು ಹಗ್ಗ ಬಿಗಿ ಮಾಡಿದೆವು. ಓಡುವ ದಾರಿ ಮಾಡಿದೆವು. ಬಯಲಿನಲ್ಲಾದರೆ ಹಿಂದಕ್ಕೆ 45 ಡಿಗ್ರಿಯಲ್ಲಿ ಹೆಜ್ಜೆ ಹಾಕಿ ಅಂತ ಹೇಳಿದರೆ ಸಾಕು. ಕಾಫಿ ಗಿಡದ ನಡುವೆ ಅದು ಆಗದ ಮಾತು, ಎರಡನೇ ಹೆಜ್ಜೆಗೇ ರೆಕ್ಕೆಗೆ ಕಾಲು ಸಿಕ್ಕುತ್ತದೆ. ಮೂರು ಗಿಡದ ಕೆಳರೆಕ್ಕೆ ತೆಗೆದು, ತರಗೆಲೆ ಗುಡಿಸಿ, ಮಿಷನ್‌ನವನನ್ನು ಎರಡು ಸಲ ಬರಿಗೈಯಲ್ಲಿ ನಡೆಸಿ ನೋಡಿದೆವು. ಅವನ ಕಾಲಲ್ಲಿ ಚಪ್ಪಲಿ ಇತ್ತು, ತಲೆಗೆ ಟವಲ್. ರೈಟರ್ ಗಂಬೂಟ್ ಕೊಟ್ಟರು, ನಾನು ಹೆಲ್ಮೆಟ್ ಕೊಟ್ಟೆ. ಒಂದು ಟನ್ ಮರಕ್ಕೆ ಹೆಲ್ಮೆಟ್ ಏನೂ ಅಲ್ಲ. ಆದರೆ ಮೇಲಿನಿಂದ ಮೊದಲು ಬೀಳುವುದು ಮರವಲ್ಲ, ಒಣ ಕಡ್ಡಿ.

ಕೀಲನ್ನು ಪೂರ್ತಿ ಕೊಯ್ಯಲಿಲ್ಲ. ಮುಂದಿನ ಕಚ್ಚಿನ ಬಾಯಿಯಿಂದ ಬಾರ್‌ನ ಮೂಗು ಒಳಗೆ ಹಾಕಿ ನಡುಭಾಗ ಮಾತ್ರ ತೆಗೆದು, ಎರಡು ಮೂಲೆಯಲ್ಲಿ ತೆಳು ಪಟ್ಟಿ ಉಳಿಸಿದ. ಮೂಗಿನ ಮೇಲಿನ ಕಾಲುಭಾಗ ಮರಕ್ಕೆ ತಾಗಿದರೆ ಮಿಷನ್ ಮುಖಕ್ಕೆ ಎಗರುತ್ತದೆ. ಅದಕ್ಕೆ ಮೂಗಿನ ಕೆಳಭಾಗದಿಂದ ಶುರು ಮಾಡಿ ನಿಧಾನಕ್ಕೆ ನೇರ ಮಾಡಿದ. ಕೈ ಪಳಗಿದವನು, ಅಚ್ಚುಕಟ್ಟಾಗಿ ಮಾಡಿದ. ಅವನು ಕೊಯ್ಯುವಷ್ಟು ಹೊತ್ತು ನಾನು ಪಕ್ಕದಲ್ಲಿ ದೂರ ನಿಂತು ಕವಲನ್ನು ಮಾತ್ರ ನೋಡುತ್ತಿದ್ದೆ, ಬಾಯಲ್ಲಿ ಸೀಟಿ. ಇಂಜಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಸೀಟಿ ಕೇಳುತ್ತದೆ. ಕೊಯ್ದು ಮುಗಿಸಿ ಅವನೂ ಮಿಷನ್ನೂ 120 ಅಡಿ ಆಚೆ ಹೋದ ಮೇಲೆ ವಿಂಚ್ ಆಡಿಸಲು ಶುರು. ಉಳಿದ ಮೂಲೆಗಳನ್ನು ಹರಿಯುವುದು ಹಗ್ಗದ ಕೆಲಸ. ಮರ ಬೊಡ್ಡೆ ಬಿಟ್ಟು ಜಿಗಿಯುವ ಗಳಿಗೆಯಲ್ಲಿ ಬುಡದ ಹತ್ತಿರ ಯಾರೂ ಇರುವುದಿಲ್ಲ. ಈ ಪೂರ್ತಿ ವಿಧಾನದ ಸಾರ ಇಷ್ಟೇ.

ಹಿಡಿ ಒಂದು ಸಲ ಆಡಿಸಿದರೆ ಹಗ್ಗ ಬರುವುದು ಕೆಲವೇ ಅಂಗುಲ. ಬೇಜಾರಿನ ಕೆಲಸ. ಮೂಲೆಗಳು ಪಟಪಟ ಹರಿದವು, ಬುಡ ಬೊಡ್ಡೆಯಿಂದ ಜಾರಿ ಕಂಬದ ಮೇಲೆ ಕೂತಿತು. ನಾಲ್ಕು ಅಡಿ ಬಂದಮೇಲೆ ನಿಂತೇಬಿಟ್ಟಿತು. ಹಿಡಿ ಕಲ್ಲಿನಂತಾಯಿತು. ಇಂಥ ಹೊತ್ತಿನಲ್ಲಿ ಹಿಡಿಗೆ ಪೈಪ್ ಸಿಕ್ಕಿಸಿ ಇಬ್ಬರು ಜೋತುಬೀಳುವುದು ನಮ್ಮ ಜನರ ಅಭ್ಯಾಸ. ಹೊರೆ ಮಿತಿ ಮೀರಿದರೆ ಮುರಿಯಲಿ ಅಂತಲೇ ವಿಂಚಿನಲ್ಲಿ ಸಣ್ಣ ಪಿನ್ನುಗಳಿವೆ. ಆ ಪಿನ್ ಮುರಿದಾಗ ಅದರ ಜಾಗಕ್ಕೆ ಮೊಳೆ ಹೊಡೆದವರನ್ನೂ ನೋಡಿದ್ದೇನೆ. ಆಮೇಲೆ ಮುರಿಯುವುದು ಹಗ್ಗ.

ನಾವು ಕಾದೆವು. ಮರ ಅಲುಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ದೂರದಿಂದ ದುರ್ಬೀನಿನಲ್ಲಿ ನೋಡಿದರೆ ಬುಡ ಕಂಬದ ಪಕ್ಕ ಒಂದು ಬೇರಿಗೆ ಆತುಕೊಂಡಿತ್ತು. ಬಿಡಿಸಲು ಬುಡದ ಹತ್ತಿರ ಹೋಗುವ ಬದಲು ಕಪ್ಪಿಯನ್ನು ಸ್ವಲ್ಪ ಮೇಲ್ಗಡೆಯ ಇನ್ನೊಂದು ಮರಕ್ಕೆ ಬದಲಿಸಿ ಎಳೆತದ ಕೋನ ತಿರುಗಿಸಿದೆವು. ಅರ್ಧ ಗಂಟೆ ಹೋಯಿತು. ಮತ್ತೆ ಆಡಿಸಿದಾಗ ಬುಡ ಬೇರು ದಾಟಿ ಬಂತು. ಒಟ್ಟು 16 ಅಡಿ ಹಿಂದೆ ಬಂದಿರಬೇಕು, ಕವಲಿನಲ್ಲಿ ಈಗ ಕೂತಿದ್ದದ್ದು ಮರದ ತೆಳು ಭಾಗ. ಅದು ಲಟ್ ಅಂತ ಮುರಿಯಿತು. ಮರ ಬಿತ್ತು.

ಬಿದ್ದ ಮೇಲೆ

ಎಲ್ಲರೂ ಒಮ್ಮೆಗೇ ಓಡಿ ಬಂದರು. ಸೀಟಿ ಊದಿ ನಿಲ್ಲಿಸಬೇಕಾಯಿತು. ಮುರಿದ ತುದಿ, ಹತ್ತು ಅಡಿ ಉದ್ದದ್ದು, ಕವಲಿನಲ್ಲೇ ನೇತಾಡುತ್ತಿತ್ತು. ದೊಡ್ಡ ಮರ ಇಳಿದ ಖುಷಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಿಷನ್‌ನವನು ಕೊಂಬೆ ಸವರಲು ಕೂರುವ ಜಾಗ ಸರಿಯಾಗಿ ಅದರ ಕೆಳಗೆ. ನೈಲಾನ್ ದಾರಕ್ಕೆ ಭಾರ ಕಟ್ಟಿ ಮೇಲೆ ಎಸೆದು, ಅದರ ಹಿಂದೆ ಹಗ್ಗ ಹಾಯಿಸಿ, ದೂರದಿಂದ ಎಳೆದು ಬೀಳಿಸಿದ ಮೇಲೆಯೇ ಒಳಗೆ ಹೋಗಲು ಬಿಟ್ಟೆವು. ಬಿದ್ದ ಮರವನ್ನು ತುಂಡು ಮಾಡುವಾಗ ಮೇಲ್ಗಡೆ ನಿಂತೇ ಕೊಯ್ಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು, ಹೇಳಬೇಕಾಗಲಿಲ್ಲ.

ರೋಬಸ್ಟಾ ಗಿಡ ಐದು ಮುರಿದವು. ಬೀಟೆಗೆ ತೊಗಟೆ ಸುಲಿದದ್ದು ಬಿಟ್ಟರೆ ಏನಾಗಲಿಲ್ಲ. ಬೆಳಿಗ್ಗೆ ಸಿಕ್ಕಿಕೊಂಡ ಮರ ಇಳಿದಾಗ ಸಂಜೆ ನಾಲ್ಕು ದಾಟಿತ್ತು. ಕತ್ತಲಾಗುವ ತನಕ ಇಳಿಯದೇ ಹೋಗಿದ್ದರೆ ಹಗ್ಗ ಹಾಗೇ ಬಿಗಿ ಮಾಡಿಟ್ಟು, ರಸ್ತೆ ಮುಚ್ಚಿ, ಮಾರನೆಯ ದಿನ ಕೊಯ್ಲಿಗೆ ಆ ಬ್ಲಾಕಿಗೆ ಯಾರನ್ನೂ ಕಳಿಸಬಾರದು ಅಂತ ಮಧ್ಯಾಹ್ನವೇ ಮಾತಾಗಿತ್ತು.

ಆ ತೋಟದಲ್ಲಿ ಇನ್ನೂ ಏಳು ಸಿಲ್ವರ್ ಓಕ್ ಬಾಕಿ ಇದ್ದವು. ಸಾಹುಕಾರರು ಅವಕ್ಕೆ ಮರದ ಲೆಕ್ಕ ಬಿಟ್ಟು ದಿನಗೂಲಿ ಮಾಡಿದರು. ಮರ ಸಿಕ್ಕಿಕೊಂಡರೆ ಮಿಷನ್ ಆಫ್, ವಿಂಚ್ ಬರುವ ತನಕ ಕಾಯುವುದು, ಕಾದ ಹೊತ್ತಿಗೂ ಕೂಲಿ ಅಂತ ಮಾತಾಯಿತು.

'ಕೂತ್ಕೊಂಡಿದ್ದಕ್ಕೂ ಕೊಡ್ತೀರಾ ಸಾಹುಕಾರ್ರೆ?' ಅಂತ ಮಿಷನ್‌ನವನು ನಂಬಲಾಗದೆ ಕೇಳಿದ.

'ಕೊಡ್ತೀನಪ್ಪಾ. ಆದ್ರೆ ಕೂರೋದು ಮರದ ಕೆಳಗಲ್ಲ' ಅಂದರು.

ಏಳರಲ್ಲಿ ಎರಡಕ್ಕೆ ಮೊದಲು ಮರಗಸಿ ಮಾಡಿಸಿದರು, ಬಳ್ಳಿ ಬಿಡಿಸಿದರು. ಮೂರರ ದಿಕ್ಕು ಬದಲಿಸಿ ಗಿಡದ ಸಾಲಿಗೇ ಬೀಳಿಸಿದರು, ಕೆಲವು ರೋಬಸ್ಟಾ ಹೋಯಿತು. ಉಳಿದ ಎರಡು ಹಲಸಿಗೆ ತೀರಾ ಹತ್ತಿರ ಇದ್ದವು. ಅವನ್ನು ಈ ವರ್ಷಕ್ಕೆ ಕಡಿಯದೆ ಬಿಟ್ಟಿದ್ದಾರೆ.